ಸ್ಕಾಟ್ಲೆಂಡಿನ ಸೀಸೆ

೧೯೪೬ರ ಮಾವಿನ ಸುಗ್ಗಿಯಲ್ಲಿ ಕದಿರೇಶ ಬರ್ಮಾದ ಯುದ್ಧ ಮುಗಿಸಿ ಶ್ರೀನಿವಾಸಪುರಕ್ಕೆ ಹಿಂದಿರುಗಿದ. ಅವನು ಲಾರಿ ಓಡಿಸುತ್ತಿದ್ದ ಪಡೆಯ ಸ್ಕಾಟ್ಲೆಂಡಿನ ಕ್ಯಾಪ್ಟನ್, ಬೀಳ್ಕೊಡುವಾಗ ತನ್ನ ಊರಿನ ವಿಸ್ಕಿ ಸೀಸೆಯೊಂದನ್ನು ಕೊಟ್ಟಿದ್ದ. ಬೇರೇನೂ ಬೆರೆಸದೆ ಒಂದೇ ಭಟ್ಟಿಯಲ್ಲಿ ಬಾರ್ಲಿಯಿಂದ ಇಳಿಸಿದ್ದು ಅದು. ಗೆಳೆಯರ ಜೊತೆಗೇ ಕುಡಿಯಬೇಕೆಂದು ಕದಿರೇಶ ಅದನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದ.

ಮಧ್ಯಾಹ್ನ ಗೆಳೆಯ ಲಿಯಾಖತ್‌ನ ಮಾವಿನ ತೋಪಿನಲ್ಲಿ ಅವನು, ಚೌಡಪ್ಪ, ಕದಿರೇಶ ಮೂವರೂ ಕೂತರು. ಚೌಡಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಅಬ್ಬಾ! ಹೊಗೆ, ಜೇನು, ಎಲ್ಲಾ ಒಟ್ಟಿಗೇ ಬರ್ತದೆ ಕಣೋ!"

ಕದಿರೇಶನೂ ಕುಡಿದ. ಇನ್ನೊಮ್ಮೆ ಕುಡಿದು ಲೋಟ ಕೆಳಗಿಟ್ಟ.

"ನಂಗೆ ಬರೀ ಉರಿ ಕಣ್ರೋ. ಅಲ್ಲಿ ಲಾರಿ ಉರುಳಿ ತಲೆಗೆ ಏಟು ಬಿತ್ತು. ಆವತ್ತಿಂದ ಮೂಗಿಗೆ ಯಾವ ವಾಸನೇನೂ ಹತ್ತಲ್ಲ. ಇನ್ನು ಬರಲ್ಲ ಅಂದ್ರು ಡಾಕ್ಟ್ರು. ನಿಮ್ಮ ಜೊತೆ ಕೂತ್ರೆ ಇದಾದ್ರೂ ಗೊತ್ತಾಗ್ತದೇನೋ ಅಂದ್ಕೊಂಡಿದ್ದೆ."

ಲಿಯಾಖತ್ ಯಾವತ್ತೂ ಕುಡಿದವನಲ್ಲ. ಆದರೂ ಕದಿರೇಶನ ಲೋಟವನ್ನು ಮೂಗಿನ ಹತ್ತಿರ ಹಿಡಿದ.

"ನಾನು ಹೇಳ್ತೀನಿ, ಕೇಳು. ಕಡ್ಲೆ ಹುರಿಯೋ ಒಲೆ ಮುಂದೆ ನಿಂತಂಗದೆ. ಆಮೇಲೆ, ಹುಲ್ಲಲ್ಲಿ ಮಾಗಿದ ಬಾದಾಮಿ ಮಾವಿನ ಥರ."

"ಅದು ಹೆಂಗಿರ್ತದೆ ಲಿಯಾಖತ್? ಅದೂ ಮರೆತುಹೋಗ್ತಾ ಅದೆ," ಎಂದ ಕದಿರೇಶ.

ಲಿಯಾಖತ್ ಲೋಟವನ್ನು ಮೆಲ್ಲನೆ ಕೆಳಗಿಟ್ಟ. ಚೌಡಪ್ಪ ತನ್ನ ಲೋಟದಲ್ಲಿದ್ದುದನ್ನು ಮಣ್ಣಿಗೆ ಚೆಲ್ಲಲು ಹೋದಾಗ ಕದಿರೇಶ ಅವನ ಕೈ ಹಿಡಿದ.

"ಚೆಲ್ಬೇಡ್ವೋ. ನೀನಾದ್ರೂ ಕುಡಿ."

ಚೌಡಪ್ಪ ಕುಡಿದ. ಈ ಸಲ ಕಣ್ಣು ಮುಚ್ಚಲಿಲ್ಲ, ಕದಿರೇಶನ ಮುಖವನ್ನೇ ನೋಡಿದ.