ಕಣಜದ ಕೆಳಗಿನ ಬಾಣಂತಿ

ಅಜ್ಜಿ ಕೇಳಿಬಿಟ್ಟರೆ ಏನು ಹೇಳಲಿ ಎಂಬುದೇ ಆ ವಾರವೆಲ್ಲ ನನ್ನ ಅಳುಕು. ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿಜ ಹೇಳಲು ನಾಲಗೆಯೇ ಏಳುವುದಿಲ್ಲ. ಅವಳು ಎದುರಾದಾಗಲೆಲ್ಲ ರೊಟ್ಟಿಯ ಬುಟ್ಟಿಯನ್ನೋ ಪೊರಕೆಯನ್ನೋ ಎತ್ತಿಕೊಂಡು ಸರಿದುಹೋಗುತ್ತಿದ್ದೆ.

ಅಜ್ಜಿಗೆ ಬೇಕಾಗಿದ್ದದ್ದು ತ್ಲಾಕ್ವಾಚೆಯ ಬಾಲ. ಅಕ್ಕ ಅರಾಸೆಲಿಗೆ ದಿನ ತುಂಬಿತ್ತು. ಆ ಬಾಲ ಕುದಿಸಿದ ನೀರು ಕುಡಿದರೆ ಹೆರಿಗೆ ಹೂವೆತ್ತಿದಷ್ಟು ಹಗುರ ಎಂದು ನಮ್ಮೂರಿನ ಮುದುಕಿಯರು ನಂಬುತ್ತಾರೆ. ತ್ಲಾಕ್ವಾಚೆ ಎಂದರೆ ಬೆಕ್ಕಿನ ಗಾತ್ರದ, ಉದ್ದ ಮೂತಿಯ, ಬೋಳು ಬಾಲದ, ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಪ್ರಾಣಿ. ಅದು ಎಲ್ಲಿದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು: ನಮ್ಮ ಮೆಕ್ಕೆಜೋಳದ ಕಣಜದ ಕೆಳಗೆ.

ಒಂದು ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವಾಗ ಕಂಡಿದ್ದೆ. ಒಣ ಎಲೆಗಳ ಕಂತೆಯನ್ನು ಬಾಲದಲ್ಲಿ ಸುತ್ತಿ ಹಿಡಿದು, ತವರಿಗೆ ಹಾಸಿಗೆ ಹೊತ್ತು ಬಂದವಳಂತೆ, ಕಣಜದ ಕಟ್ಟೆಯ ಬಿರುಕಿನೊಳಗೆ ನುಸುಳಿತು.

ಯಾರಿಗೂ ತಿಳಿಯುವ ಮೊದಲು ಅದನ್ನು ಸಾಗಹಾಕಬೇಕಿತ್ತು. ಅದು ಮನೆ ಹತ್ತಿರ ಬರುವುದು ಜಗಳಕ್ಕಲ್ಲ, ಊಟಕ್ಕೆ. ಹಾಗಾಗಿ ಹೊತ್ತು ಮುಳುಗುವ ಮುಂಚೆಯೇ ನೆಲಕ್ಕೆ ಬಿದ್ದ ಪಾಪಾಸುಕಳ್ಳಿ ಹಣ್ಣುಗಳನ್ನು ಆರಿಸಿದೆ, ನಾಯಿಯ ತಟ್ಟೆ ಒಳಗಿಟ್ಟೆ, ಕೋಳಿಗೂಡಿನ ಬಾಗಿಲಿಗೆ ತಂತಿ ಬಿಗಿದೆ. ಭಾವ ಫೆರ್ಮಿನ್ ಕಳ್ಳು ಮಾಡಲು ರಸ ತೆಗೆಯುವ ಕತ್ತಾಳೆಗಳ ನಡುವೆ ಕೊರೆದ ಗುಂಡಿಗಳ ಮೇಲೆ ಇನ್ನೂ ಭಾರದ ಕಲ್ಲು ಹೇರಿದೆ. ಆ ಸಿಹಿ ರಸವೆಂದರೆ ತ್ಲಾಕ್ವಾಚೆಗೆ ಪ್ರಾಣ. ದೂರದ ಬೇಲಿಯಲ್ಲಿ ಮುದಿ ಕತ್ತಾಳೆಯೊಂದರ ಬುಡಕ್ಕೆ ಒಣಹುಲ್ಲು ತುಂಬಿ ಬೇರೆ ಮನೆಯನ್ನೂ ಮಾಡಿಟ್ಟೆ. ಕೊನೆಗೆ ಬಿರುಕಿನ ಮುಂದೆ ಒಲೆಯ ಬೂದಿ ಚೆಲ್ಲಿದೆ, ಹೆಜ್ಜೆ ನೋಡಲು.

“ಏನಮ್ಮಾ ಮಾತಿನಮಲ್ಲಿ,” ಎಂದ ಭಾವ, “ಅಷ್ಟು ದೊಡ್ಡ ಓದು ಓದಿ ಬಂದು ಬೂದಿ ಬಿತ್ತುತಾ ಇದೀಯಲ್ಲ, ಏನು ಬೆಳೀತೀಯಾ?”

ನಾನು ನಕ್ಕು ತಲೆ ತಗ್ಗಿಸಿದೆ.

ಮರುದಿನ ಬೆಳಕು ಪೂರ್ತಿ ಹರಿಯುವ ಮುನ್ನ ಹೋಗಿ ನೋಡಿದರೆ, ಬೂದಿಯ ಮೇಲೆ ಕೂಸಿನ ಅಂಗೈಯಂಥ ಹೆಜ್ಜೆಗಳು. ಎಲ್ಲವೂ ಹೊರಗೆ ಹೋದವು. ಒಳಗೆ ಬಂದದ್ದು ಒಂದೂ ಇಲ್ಲ. ಬಿರುಕಿಗೆ ಕಲ್ಲು ತುರುಕಿ ಮಣ್ಣು ಮೆತ್ತಿದೆ. ಎದೆಯ ಭಾರ ಇಳಿಯಿತು.

ಆದರೆ ಅದು ಇನ್ನೂ ಮರಳುವ ದಾರಿಯಲ್ಲಿತ್ತು. ಬಾಗಿಲು ಮುಚ್ಚಿದ್ದು ಕಂಡು, ನಾನು ಮಾಡಿಟ್ಟ ಮನೆಗೆ ಹೋಗದೆ, ಹತ್ತಿರದಲ್ಲೇ ಇದ್ದ, ಭಾವ ಕಳ್ಳು ಹುಳಿಸುವ ಕೊಟ್ಟಿಗೆಯನ್ನು ಹೊಕ್ಕಿತ್ತು.

“ಅಜ್ಜೀ, ನಿನ್ನ ಔಷಧಿ ತಾನಾಗೇ ನಡ್ಕೊಂಡು ಬಂದಿದೆ!” ಭಾವ ಅದನ್ನು ಬಾಲ ಹಿಡಿದು ತೂಗಾಡಿಸುತ್ತ ಅಂಗಳಕ್ಕೆ ಬಂದ. ಬಾಯಿ ತೆರೆದಿತ್ತು, ನಾಲಗೆ ಹೊರಬಿದ್ದಿತ್ತು, ಕೊಳೆತ ವಾಸನೆ. “ಪೀಪಾಯಿ ಹಿಂದೆ ಕೂತಿತ್ತು. ಒಂದೇ ಒಂದು ಸಲ ಗದರಿದೆ, ಸತ್ತೇಹೋಯ್ತು.”

“ಸತ್ತಿಲ್ಲವೋ ಪೆದ್ದ, ನಾಟಕ ಆಡ್ತಿದೆ. ಯಾದಿರಾ, ಚಾಕು ತಾರೇ,” ಎಂದು ಅಜ್ಜಿ ನನ್ನತ್ತ ಕೈಚಾಚಿದಳು.

ನಾನು ಕದಲಲಿಲ್ಲ. ಅದು ನಾಟಕವಲ್ಲ. ಹೆದರಿಕೆ ಮಿತಿಮೀರಿದಾಗ ಮೈಯೇ ಅದರ ಮಾತು ಕೇಳುವುದಿಲ್ಲ. ತರಗತಿಯಲ್ಲಿ ಹೆಸರು ಕೂಗಿದಾಗಲೆಲ್ಲ ನನಗೂ ಹಾಗೇ ಆಗುತ್ತಿತ್ತು.

ಅಜ್ಜಿ ತಾನೇ ಹೋಗಿ ಚಾಕು ತಂದಳು. ಭಾವ ಪ್ರಾಣಿಯನ್ನು ಚಾಪೆಯ ಮೇಲೆ ಮಲಗಿಸಿದ. ಸೊಂಟಕ್ಕೆ ಕೈಕೊಟ್ಟು ಬಗ್ಗಿದ ಅಕ್ಕ ತಟ್ಟನೆ, “ಅಜ್ಜೀ, ಅಲ್ಲಿ ನೋಡು,” ಎಂದಳು. ಹೊಟ್ಟೆಯ ಚೀಲ ಅಲುಗುತ್ತಿತ್ತು. ಹೆಸರುಕಾಳಿನಷ್ಟು ಮೂಗೊಂದು ಹೊರಗೆ ಇಣುಕಿ ಒಳಸೇರಿತು.

“ಇದರ ಬಾಲದ ನೀರು ನನ್ನ ಗಂಟಲಲ್ಲಿ ಇಳಿಯಲ್ಲ. ಹೆರೋಕೆ ಆಸ್ಪತ್ರೆಗೆ ತಾನೇ ಹೋಗ್ತಿರೋದು ನಾನು?”

“ನೀನು ಸುಮ್ನಿರೇ.” ಅಜ್ಜಿ ಚಾಕು ಹಿಡಿದು ಚಾಪೆಯ ಪಕ್ಕ ಕೂತಳು. “ಯಾದಿರಾ ಹುಟ್ಟೋ ಮುಂಚೆನೂ ಒಂದು ಸಿಕ್ಕಿತ್ತು. ಹೀಗೇ ಚೀಲದ ತುಂಬ ಮರಿ. ಅಯ್ಯೋ ಪಾಪ ಅಂತ ಬೇಲಿ ಆಚೆ ಬಿಟ್ಟುಬಿಟ್ಟೆ. ಅದೇ ವಾರ ನನ್ನ ಮಗಳು ಹೋದ್ಲು. ಅದರ ಮೇಲೆ ಕನಿಕರ ತೋರಿಸಿ ಅವಳನ್ನ ಕಳ್ಕೊಂಡೆ. ಇನ್ನೊಂದು ಸಲ ಅಂಥ ತಪ್ಪು ಮಾಡಲ್ಲ.”

ಆ ಮಗಳು ನಮ್ಮ ಅಮ್ಮ. ನಾನು ಹುಟ್ಟಿದ ದಿನದ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿದ್ದಿಲ್ಲ. ಕಳ್ಳು ಕೊಳ್ಳಲು ಬಂದ ಸೂಲಗಿತ್ತಿ ಚೋನಾ ಒಮ್ಮೆ ನನ್ನೊಬ್ಬಳಿಗೇ ಹೇಳಿದ್ದಳು: ರಕ್ತ ನಿಲ್ಲಲಿಲ್ಲ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಜ್ಜಿಯ ಮೌನ ಕಂಡು, ನನ್ನನ್ನೇ ಅವಳು ಕ್ಷಮಿಸಿಲ್ಲ ಎಂದುಕೊಂಡು ಬೆಳೆದಿದ್ದೆ. ಅವಳು ಕ್ಷಮಿಸದೆ ಇದ್ದದ್ದು ತನ್ನನ್ನು.

ಚಾಕು ಬಾಲದ ಬುಡಕ್ಕೆ ಬಂತು.

“ಅಜ್ಜೀ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಅಮ್ಮನಿಗೆ ರಕ್ತ ನಿಲ್ಲಲಿಲ್ಲ. ಚೋನಾ ಹೇಳಿದ್ಲು. ಬಾಲ ಇದ್ದಿದ್ರೂ ನಿಲ್ತಿರಲಿಲ್ಲ.”

ಅಜ್ಜಿ ನನ್ನನ್ನೇ ನೋಡಿದಳು. ಚಾಕು ಮೆಲ್ಲಗೆ ಅವಳ ಮಡಿಲಿಗೆ ಇಳಿಯಿತು. ಚಾಪೆಯ ಮೇಲೆ ತ್ಲಾಕ್ವಾಚೆಯ ಒಂದು ಕಿವಿ ಅಲುಗಿತು.

“ನೀನು ಅವತ್ತು ಅದನ್ನ ಬಿಟ್ಟಿದ್ದಕ್ಕೆ ಅಮ್ಮ ಸಾಯಲಿಲ್ಲ, ಅಜ್ಜೀ.”