ಕೆರೆದು ಎಸೆದ ನೋಟೀಸು

ಕಂಡವರ ಬಾಗಿಲಿಗೆಲ್ಲ ಬಣ್ಣ ಬಳಿಯುವ ನಮ್ಮ ಮನೆ ಬಾಗಿಲನ್ನು ನೋಡಿದರೆ ನಮಗೇ ನಾಚಿಕೆಯಾಗುತ್ತಿತ್ತು. ರಜೆಯ ದಿನ ಬೆಳಿಗ್ಗೆ ನಾನೇ ಕೈಹಾಕಿದೆ. ನಮ್ಮ ಜೋಡಿಯಲ್ಲಿ ಕೆರೆಯುವುದು, ಉಜ್ಜುವುದು ನನ್ನ ಪಾಲು. ಬಳಿಯುವುದು ಯಜಮಾನರ ಪಾಲು. ಬಾಗಿಲಿಗೆ ಯಾರೋ ಅಂಟಿಸಿಹೋಗಿದ್ದ ಕಾಗದವನ್ನು ನೀರಲ್ಲಿ ನೆನೆಸಿ ಕೆರೆದು ಎಸೆದೆ. ಟ್ಯೂಷನ್ನಿನವರದೋ ಕೇಬಲ್ಲಿನವರದೋ ಇರಬೇಕು ಅಂದುಕೊಂಡೆ. ಕೆರೆಯುವಾಗ ನಾನು ಅಕ್ಷರ ನೋಡುವವಳಲ್ಲ, ಅಡಿಯ ಮರ ನೋಡುವವಳು.

ಅದು ಕೋರ್ಟಿನ ನೋಟೀಸು ಎಂದು ಗೊತ್ತಾದದ್ದು ವಾರದ ಮೇಲೆ, ಪೊಲೀಸರು ಯಜಮಾನರನ್ನು ಹಿಡಿಯಲು ಬಂದಾಗ.

ಹೊಡೆದಾಟದ ಕೇಸೊಂದರಲ್ಲಿ ಅವರು ಜಾಮೀನಿನ ಮೇಲಿದ್ದರು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಹಿಂದೊಂದು ಮಂಗಳವಾರ ಮಾರುಕಟ್ಟೆಯಲ್ಲಿ ಸಾಕ್ಷಿಯನ್ನು ಹೆದರಿಸಿದರಂತೆ, ಜಾಮೀನು ರದ್ದು ಮಾಡಬೇಕಂತೆ. ಶುದ್ಧ ಸುಳ್ಳು. ಆ ಮಂಗಳವಾರ ಸಂಜೆಯವರೆಗೂ ಅವರು ಶಾಲೆಯ ಗೋಡೆಗೆ ಕಟ್ಟಿದ ಸಾರವೆಯ ಮೇಲಿದ್ದರು, ಕೆಳಗೆ ಡಬ್ಬ ಹಿಡಿದು ನಾನಿದ್ದೆ. ಅದನ್ನು ಹೇಳಲು ಕೋರ್ಟು ಕೊಟ್ಟ ದಿನ ನಮಗೆ ತಿಳಿಯದೆಯೇ ಕಳೆದುಹೋಗಿತ್ತು, ಬರಲಿಲ್ಲವೆಂದು ವಾರಂಟ್ ಹೊರಟಿತ್ತು.

ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ನನಗೆ ಪಾಠ ಹೇಳಿಕೊಟ್ಟರು. "ನೋಟೀಸು ಕಂಡೇ ಇಲ್ಲ ಅಂತ ಹೇಳಮ್ಮ, ಸಾಕು."

ಒಳಗೆ ಚೆನ್ನಾಗಿಯೇ ವಾದಿಸಿದರು. "ಸ್ವಾಮಿ, ಕೊಟ್ಟ ಜಾಮೀನು ಕಿತ್ಕೊಳ್ಳೋ ಮುಂಚೆ ಆರೋಪ ಏನು ಅಂತ ತಿಳಿಸ್ಬೇಕು, ಇವರ ಮಾತೂ ಕೇಳ್ಬೇಕು. ಆ ದಿನ ಇವರು ಅಲ್ಲೇ ಕೆಲಸದಲ್ಲಿದ್ರು ಅಂತ ಶಾಲೆಯ ಹೆಡ್ ಮೇಡಂ ಕೊಟ್ಟ ಪತ್ರ ಇದೆ."

ನ್ಯಾಯಾಧೀಶರು ಕಡತದಿಂದ ನಮ್ಮ ಬಾಗಿಲಿನ ಫೋಟೋ ತೆಗೆದರು. "ಅಂಟಿಸಿದ್ದು ಇಲ್ಲಿ ಕಾಣ್ತಿದೆಯಲ್ಲ. ಕಿತ್ತವರು ಯಾರು?"

ನನ್ನ ಬಾಯಿಗೆ ಬೀಗವಿಲ್ಲ. "ನಾನೇ ಸಾರ್. ಬಣ್ಣ ಬಳಿಯೋಕೆ ಅಂತ ಕೆರೆದೆ, ಓದ್ಲಿಲ್ಲ" ಅಂದುಬಿಟ್ಟೆ. ವಕೀಲರು ಹಣೆ ಚಚ್ಚಿಕೊಂಡರು.

"ಅಂದ್ರೆ ನೋಟೀಸು ಮನೆಯವರ ಕೈ ಸೇರಿದೆ" ಎಂದು ನ್ಯಾಯಾಧೀಶರು ಬರೆಸಿದರು. ಜಾಮೀನು ರದ್ದು. ಪತ್ರವನ್ನು ಮೇಲಿನ ಕೋರ್ಟಿಗೆ ತೋರಿಸಿಕೊಳ್ಳಿ ಅಂದರು. ಓದಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನ್ಯಾಯಾಧೀಶರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಆಗ ಯಜಮಾನರತ್ತ ತಿರುಗಿ ನೋಡಿದೆ. ಕಟಕಟೆಯಲ್ಲಿ ಅವರು ಬಲಗೈ ಎತ್ತಿಕೊಂಡು ನಿಂತಿದ್ದರು, ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಅಷ್ಟು ಜನರಲ್ಲಿ ಒಬ್ಬರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ನ್ಯಾಯಾಧೀಶರು ಮುಂದಿನ ಕಡತ ಬಿಚ್ಚಿದರು.

"ಕೈ ಇಳಿಸಯ್ಯ" ಎಂದು ಪೇದೆ ತೊಡಿಸಲು ಸೊಂಟದಿಂದ ಬೇಡಿ ತೆಗೆದ.