ನೂಲಿಗೆ ಕಟ್ಟಿದ ಮನೆ

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಮನೆಯವರಿಗೆಲ್ಲ ಅವಳು ಗಂಟು. ಆರು ವರ್ಷದವಳಿದ್ದಾಗಿನಿಂದ ಅವಳ ಕೆಲಸ ಅದೇ: ಮಗ್ಗದ ಮೇಲೆ ಎಳೆ ಹರಿದಾಗ ಓಡಿಹೋಗಿ ಗಂಟು ಹಾಕುವುದು. ಅಪ್ಪ ಕೂಗಿದರೆ ಅಪ್ಪನ ಮಗ್ಗಕ್ಕೆ, ಚಿಕ್ಕಪ್ಪ ಕೂಗಿದರೆ ಚಿಕ್ಕಪ್ಪನ ಮಗ್ಗಕ್ಕೆ. ಈಗ ಇಪ್ಪತ್ತೆರಡು ತುಂಬಿತ್ತು. ಬೆರಳು ಎಷ್ಟು ಪಳಗಿದ್ದವೆಂದರೆ, ಕಣ್ಣು ಕಿಟಕಿಯಾಚೆಯ ಮೋಡದ ಜೊತೆ ಊರು ಸುತ್ತುತ್ತಿದ್ದರೂ ಕೈ ತನ್ನ ಪಾಡಿಗೆ ಗಂಟು ಬಿಗಿದು ಮುಗಿಸುತ್ತಿತ್ತು. ಅವಳಿಗೆ ಬೇಕಿದ್ದದ್ದು ಒಂದೇ ಒಂದು. ತನ್ನದೇ ಆದ ಮಗ್ಗ.

ಹಳೆಯ ನೇಯ್ಗೆಕೋಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುತ್ತಜ್ಜ ಕಟ್ಟಿದ ಕೋಣೆ ಅದು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು, ನಾಲ್ಕು ಗುಂಡಿಗಳಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಅಜ್ಜಿಯದೊಂದು, ಅಪ್ಪನದೊಂದು, ಚಿಕ್ಕಪ್ಪನದೊಂದು, ಅತ್ತೆಯದೊಂದು. ಐದನೆಯದು ಇಡಬೇಕೆಂದರೆ ಅಜ್ಜಿಯ ತಲೆಯ ಮೇಲೇ ಇಡಬೇಕಿತ್ತು. ಸಾಲದ್ದಕ್ಕೆ ಹಿಂದಿನ ಗೋಡೆ ಹೊಟ್ಟೆಬಾಕನ ಹೊಟ್ಟೆಯಂತೆ ಉಬ್ಬಿ, ಮೇಸ್ತ್ರಿ ಬಂದು ಎರಡು ಕಂಬ ಆಸರೆ ಕೊಟ್ಟು ಹೋಗಿದ್ದ.

ಹೊಸ ನೇಯ್ಗೆಮನೆಗೆ ನಕ್ಷೆ ಬರೆಯಲು ವಾಸ್ತುಶಿಲ್ಪಿ ಬಂದದ್ದು ಮಳೆಗಾಲದ ಕೊನೆಯಲ್ಲಿ. ನರೆತ ಕೂದಲನ್ನು ಪೆನ್ಸಿಲ್ಲಿನಿಂದಲೇ ಗಂಟು ಹಾಕಿಕೊಂಡ ಕನ್ನಡಕದ ಹೆಂಗಸು.

"ಬನ್ನಿ ಇಂಜಿನಿಯರಮ್ಮ," ಎಂದ ಚಿಕ್ಕಪ್ಪ.

"ಇಂಜಿನಿಯರ್ ಅಲ್ಲ, ವಾಸ್ತುಶಿಲ್ಪಿ."

"ಅಂದ್ರೆ ಕಲ್ಲು ಕೆತ್ತೋರಾ?"

"ಗಾಳಿ ಕೆತ್ತೋಳು ಅಂತ ಇಟ್ಕೊಳ್ಳಿ," ಎಂದು ಆಕೆ ನಕ್ಕರು. ಅಂದಿನಿಂದ ಅವರ ಹೆಸರು ಗಾಳಿಯಮ್ಮ ಎಂದಾಯಿತು.

ಹೆಸರಿಗೆ ತಕ್ಕಂತೆಯೇ ಇತ್ತು ಅವರ ಕೆಲಸ. ಕೋಲಿನ ತುದಿಗೆ ನೂಲು ಕಟ್ಟಿಕೊಂಡು ಖಾಲಿ ಜಾಗದಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ನಿಲ್ಲುವರು. ನೂಲು ಯಾವ ಕಡೆ ಹಾರಿದರೆ ಆ ಕಡೆಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯುವರು. ಬೀದಿಯ ನಾಯಿಗಳು ಮಧ್ಯಾಹ್ನ ಎಲ್ಲಿ ಮಲಗುತ್ತವೆ ಎಂದು ಬರೆದುಕೊಳ್ಳುವರು. ಗಂಟು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅಜ್ಜಿಯ ಕಥೆಗಳಲ್ಲಿ ಗಾಳಿಯ ಜೊತೆ ಮಾತಾಡುವ ರಾಜಕುಮಾರಿಯರು ಬರುತ್ತಿದ್ದರು. ಅವರು ಕನ್ನಡಕ ಹಾಕುತ್ತಾರೆಂದು ಅಜ್ಜಿ ಹೇಳಿರಲಿಲ್ಲ.

"ನಿಮಗೆ ಏನು ಬೇಕು, ಹೇಳಿ," ಎಂದು ಗಾಳಿಯಮ್ಮ ಎಲ್ಲರನ್ನೂ ಕೂರಿಸಿ ಕೇಳಿದರು.

"ಬೆಳಕು ಬೇಕು," ಎಂದ ಅಪ್ಪ.

"ಗಾಳಿ ಬೇಕು, ಇದರೊಳಗೆ ಬೆಂದು ಹೋಗಿದ್ದೀವಿ," ಎಂದಳು ಅತ್ತೆ.

"ನೆಲದ ಮೇಲೆ ಮರ್ಯಾದೆಯಾಗಿ ಕೂರೋ ಹಾಗಿರ್ಲಿ," ಎಂದ ಚಿಕ್ಕಪ್ಪ. "ಹಳ್ಳದಲ್ಲಿ ಕೂತು ಕೂತು ಕಪ್ಪೆ ಆಗಿದ್ದೀವಿ."

ಅಜ್ಜಿ ಮಾತ್ರ ಏನೂ ಕೇಳಲಿಲ್ಲ. ಗಂಟು ಕೇಳಬೇಕೆಂದಿದ್ದದ್ದನ್ನು ಆಮೇಲೆ ಬಂದ ನಕ್ಷೆಯೇ ಕೊಟ್ಟಿತು: ಅದರಲ್ಲಿ ಐದು ಮಗ್ಗಗಳ ಗುರುತಿತ್ತು.

ಕಟ್ಟಡ ಎದ್ದು ನಿಂತಾಗ ಬೀದಿಗೆ ಬೀದಿಯೇ ಬಂದು ನೋಡಿತು. ಗಾಳಿ ಬರುವ ಕಡೆಗೆ ಇಡೀ ಗೋಡೆ ಇಟ್ಟಿಗೆಯ ಜಾಲರಿ. ಬಿಸಿಲು ಅದರ ಕಿಂಡಿಗಳಲ್ಲಿ ಸೋಸಿಕೊಂಡು ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಬೀಳುತ್ತಿತ್ತು. ಒಳಗೆ ಕಾಲಿಟ್ಟರೆ ಬೆನ್ನಿನ ಬೆವರು ತಾನಾಗಿ ಆರುತ್ತಿತ್ತು. ಚಿಕ್ಕಪ್ಪ ಊಟವಾದ ಮೇಲೂ ಅಲ್ಲೇ ಬಿದ್ದುಕೊಳ್ಳತೊಡಗಿದ. ಅಜ್ಜಿ ಮಾತ್ರ, "ನನ್ನ ಕಾಲಿಗೆ ಗುಂಡೀನೇ ಒಗ್ಗೋದು," ಎಂದು ಹಳೆಯ ಕೋಣೆ ಬಿಟ್ಟು ಅಲ್ಲಾಡಲಿಲ್ಲ.

ಗಂಟು ತನ್ನ ಮಗ್ಗದ ಮುಂದೆ ಮೊದಲ ಸಲ ಕೂತ ದಿನ ಲಾಳಿಯನ್ನು ಎರಡು ಕೈಯಲ್ಲೂ ಹಿಡಿದು ಸುಮ್ಮನೆ ನೋಡಿದಳು, ಹಕ್ಕಿಮರಿ ನೋಡುವಂತೆ.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಒಣಗಾಳಿ ಶುರುವಾಯಿತು.

ಮೊದಲು ಅದನ್ನು ಕೇಳಿಸಿಕೊಂಡದ್ದು ಅವಳೇ. ಪಟ್. ಸಣ್ಣ ಸದ್ದು, ಒಣಗಿದ ಎಲೆ ಮುರಿದಷ್ಟು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮಗ್ಗದ ಮೇಲೆ ಪಟ್ ಪಟ್ ಎಂದು ಎಳೆಗಳು ಹರಿಯತೊಡಗಿದವು. "ನೂಲೂ ಒಂದು ಜೀವ ಕಣೇ, ಅದಕ್ಕೂ ಬಾಯಾರುತ್ತೆ," ಎಂದು ಅಜ್ಜಿ ಹೇಳುತ್ತಿದ್ದದ್ದು ಕಥೆಯಲ್ಲ, ಅಕ್ಷರಶಃ ನಿಜ ಎಂದು ಗಂಟುವಿಗೆ ಆ ಕ್ಷಣ ಹೊಳೆಯಿತು. ಮೈಯ ಬೆವರು ಆರಿಸುವ ಗಾಳಿ ನೂಲಿನ ತೇವವನ್ನೂ ಆರಿಸುತ್ತಿತ್ತು.

ಇದನ್ನು ಹೇಳಿದರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಎಲ್ಲರೂ ಹಳೆಯ ಕೋಣೆಗೆ ಮರಳುತ್ತಾರೆ. ಅಲ್ಲಿರುವುದು ನಾಲ್ಕೇ ಗುಂಡಿ.

ಹೇಳಲಿಲ್ಲ. ಉಳಿದವರು ಊಟಕ್ಕೆ ಎದ್ದಾಗ ತಾನು ಉಳಿದುಕೊಂಡು, ಹರಿದ ಎಳೆಗಳನ್ನೆಲ್ಲ ಹುಡುಕಿ ಹುಡುಕಿ ಗಂಟು ಹಾಕಿದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದಳು. ಆದರೂ ಹರಿಯುವ ವೇಗ ಅವಳ ಬೆರಳಿನ ವೇಗವನ್ನು ಮೀರತೊಡಗಿತು.

"ಈ ಸಲದ ನೂಲೇ ಸರಿಯಿಲ್ಲ ಕಣೋ ಅಣ್ಣ," ಎಂದು ಚಿಕ್ಕಪ್ಪ ಗೊಣಗಿದ. "ಏನಂತೀಯೇ ಗಂಟು?"

"ಹೌದು ಚಿಕ್ಕಪ್ಪ, ನೂಲೇ ಸರಿಯಿಲ್ಲ," ಎಂದಳು.

ಅಪ್ಪ ನೂಲನ್ನು ವಾಪಸು ಕಳಿಸಲು ಮೂಟೆ ಕಟ್ಟಿಸಿದ. ಅದೇ ನೂಲಿನಲ್ಲಿ ಅಜ್ಜಿ ಹಳೆಯ ಕೋಣೆಯಲ್ಲಿ ಕೂತು ಒಂದೆಳೆಯೂ ಹರಿಯದೆ ನೇಯುತ್ತಿದ್ದಳು. ಅದನ್ನು ಯಾರೂ ಗಮನಿಸಿರಲಿಲ್ಲ. ಆ ಸಂಜೆ ಅಜ್ಜಿ ಮೊಮ್ಮಗಳ ಬಟ್ಟೆಯ ಮೇಲೆ ಅಂಗೈ ಆಡಿಸಿ, "ಇದೇನೇ, ಬಟ್ಟೆಗೆ ಬೆವರುಸಾಲೆ ಎದ್ದಿದೆಯಲ್ಲ," ಎಂದಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಾರನೆಯ ದಿನ ಗಾಳಿಯಮ್ಮ ಬಂದರು, ಹಿಂದೆ ಹತ್ತು ಜನ ವಿದ್ಯಾರ್ಥಿಗಳು. ಜಾಲರಿಯ ಮುಂದೆ ನಿಂತು, ಗಾಳಿ ಎಲ್ಲಿಂದ ಬಂದು ಹೇಗೆ ತಿರುಗಿ ಎಲ್ಲಿ ಹೊರಗೆ ಹೋಗುತ್ತದೆಂದು ಕೈಯಾಡಿಸಿ ಹೇಳತೊಡಗಿದರು. ವಿದ್ಯಾರ್ಥಿಗಳು ತಲೆದೂಗುತ್ತ ಫೋಟೋ ತೆಗೆದರು. ಬಾಗಿಲಲ್ಲಿ ನೂಲಿನ ಮೂಟೆ ಗಾಡಿಗೆ ಕಾಯುತ್ತಿತ್ತು. ಗಂಟು ಆ ಮೂಟೆಯನ್ನು ನೋಡಿದಳು. ಮಾತಾಡಲು ಬಾರದ ಒಂದು ಸಾಮಾನಿನ ಮೇಲೆ ತಾನು ಸುಳ್ಳು ಹೇರಿದ್ದೇನೆ ಎನ್ನಿಸಿತು.

"ಮೇಡಂ, ನೂಲು ಸರಿಯಾಗೇ ಇದೆ," ಎಂದುಬಿಟ್ಟಳು. ಧ್ವನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. "ಗಾಳೀನೇ ಹೆಚ್ಚಾಗಿರೋದು. ಎಳೆ ಒಣಗಿ ಹರೀತಿದೆ. ನಾನೇ ಮುಚ್ಚಿಟ್ಟೆ. ಗಂಟು ಹಾಕಿ ಹಾಕಿ ಮುಚ್ಚಿಟ್ಟೆ."

ಅಪ್ಪ ತಲೆತಗ್ಗಿಸಿದ. "ಏ, ಬಾಯಿ ಮುಚ್ಚೇ," ಎಂದು ಚಿಕ್ಕಪ್ಪ ಪಿಸುಗುಟ್ಟಿದ.

ಗಾಳಿಯಮ್ಮ ಮಾತು ನಿಲ್ಲಿಸಿದರು. "ಎಲ್ಲರೂ ಸ್ವಲ್ಪ ಸುಮ್ಮನಿರಿ," ಎಂದರು. ಹದಿಮೂರು ಹದಿನಾಲ್ಕು ಜನ ಉಸಿರು ಬಿಗಿಹಿಡಿದು ನಿಂತರು. ಪಟ್. ಸ್ವಲ್ಪ ಹೊತ್ತು ಬಿಟ್ಟು, ಅತ್ತೆಯ ಮಗ್ಗದ ಕಡೆಯಿಂದ, ಪಟ್.

ಅವರ ಮುಖ ಕೆಂಪಾಯಿತು. ಸಿಟ್ಟೆಂದುಕೊಂಡಳು ಗಂಟು. ಅವರು ವಿದ್ಯಾರ್ಥಿಗಳ ಕಡೆ ತಿರುಗಿ, "ಫೋಟೋ ಸಾಕು, ಈಗ ಇದನ್ನ ಬರ್ಕೊಳ್ಳಿ," ಎಂದರು. "ಇಲ್ಲಿ ಕೂರೋರು ಯಾರು ಅಂತ ಕೇಳ್ದೆ. ಇಲ್ಲಿ ಬದುಕೋದು ಯಾವುದು ಅಂತ ಕೇಳ್ಲಿಲ್ಲ. ತಪ್ಪು ನಂದು." ಆಮೇಲೆ ಅಪ್ಪನಿಗೆ, "ನೂಲಿಗೆ ತೇವ ಬೇಕು ಅಂತ ನನಗ್ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ಅದನ್ನೂ ಹೇಳಬೇಕಾ ಅಮ್ಮ?" ಎಂದ ಅಪ್ಪ ನಿಜವಾಗಿಯೂ ಬೆರಗಾಗಿ. "ಮೀನಿಗೆ ನೀರು ಬೇಕು ಅಂತ ಯಾರಾದ್ರೂ ಹೇಳ್ತಾರಾ?"

ಅಂದು ಗಾಳಿಯಮ್ಮ ತಮ್ಮ ಊರಿಗೆ ಮರಳಲಿಲ್ಲ. ಹಳೆಯ ಕೋಣೆಗಿಳಿದು, ಚಪ್ಪಲಿ ಕಳಚಿ, ಚಿಕ್ಕಪ್ಪನ ಖಾಲಿ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸಂಜೆಯವರೆಗೆ ಕೂತರು. ಮಳೆಗಾಲದಲ್ಲಿ ಬಂದಾಗ ಈ ಕೋಣೆಯ ಉದ್ದಗಲವನ್ನೆಲ್ಲ ಅಳೆದಿದ್ದರು, ಕೂತಿರಲಿಲ್ಲ. ಗುಂಡಿಯ ಮಣ್ಣನ್ನು ಬೆರಳಿನಿಂದ ಉಜ್ಜಿ ಮೂಸಿದರು. ಕಿಟಕಿಗಳೆಲ್ಲ ತಲೆಗಿಂತ ಮೇಲೆಯೇ ಏಕಿವೆ, ಮಗ್ಗಕ್ಕೆ ಉದ್ದಕ್ಕೂ ಬಿಗಿದ ಎಳೆಗಳ ಹಾಸು ಏಕೆ ನೆಲದಿಂದ ಒಂದೇ ಗೇಣು ಮೇಲಿದೆ ಎಂದು ಅಜ್ಜಿಯನ್ನು ಕೇಳಿದರು.

"ಬಿಸಿಗಾಳಿ ಮೇಲ್ಗಡೆ ಓಡಾಡಿಕೊಂಡು ಹೋಗ್ಲಿ, ನೂಲಿನ ಸುದ್ದಿಗೆ ಬರೋದು ಬೇಡ ಅಂತ," ಎಂದಳು ಅಜ್ಜಿ. "ಕೆಳಗೆ ಮಣ್ಣು ಉಸಿರಾಡುತ್ತೆ. ಆ ಉಸಿರೇ ನೂಲಿಗೆ ನೀರು."

"ಇದನ್ನ ಕಟ್ಟಿದೋರು?"

"ನಮ್ಮ ಮಾವ. ಓದು ಬರಹ ಬರ್ತಿರ್ಲಿಲ್ಲ."

"ನನಗೆ ಪಾಠ ಹೇಳಿದೋರಿಗಿಂತ ಚೆನ್ನಾಗಿ ಬರ್ತಿತ್ತು ಬಿಡಿ," ಎಂದರು ಗಾಳಿಯಮ್ಮ. ಮತ್ತೆ ಬಹಳ ಹೊತ್ತು ಆ ಉಬ್ಬಿದ ಗೋಡೆಯನ್ನೇ ನೋಡುತ್ತ ಕೂತರು. ದೊಡ್ಡವರೊಬ್ಬರ ಎದುರು ಕೂತಾಗ ಇರುತ್ತದಲ್ಲ, ಅಂಥ ಮುಖ.

ಮರುದಿನದಿಂದ ತಮ್ಮ ಕಟ್ಟಡವನ್ನು ತಾವೇ ಕೆಡವಲು ನಿಂತರು. ಬೀದಿಯೆಲ್ಲ ಮೆಚ್ಚಿದ ಜಾಲರಿಯನ್ನು ಎದೆಮಟ್ಟದವರೆಗೆ ಮಣ್ಣಿನ ಗಾರೆಯಿಂದ ಮುಚ್ಚಿಸಿದರು. ಮೇಲಿನದು ಬೆಳಕಿಗೂ ಬಿಸಿಗಾಳಿಗೂ ಉಳಿಯಿತು. ಹೊರಗಡೆ ಗೋಡೆಯುದ್ದಕ್ಕೆ ಮೊಳ ಅಗಲದ ಕಾಲುವೆ ತೋಡಿಸಿ ನೀರು ಬಿಟ್ಟರು. ಹೊಳೆಯುವ ನೆಲ ಒಡೆಸಿ ಗುಂಡಿ ತೆಗೆಸಿದರು. ಚಿಕ್ಕಪ್ಪ, "ಮತ್ತೆ ಕಪ್ಪೆ ಜನ್ಮ," ಎಂದು ಹಣೆ ಚಚ್ಚಿಕೊಂಡನಾದರೂ ಮೊದಲ ಹಾರೆ ಎತ್ತಿದವನು ಅವನೇ.

ನಾಲ್ಕು ಗುಂಡಿ ಸಲೀಸಾಗಿ ಬಂದವು. ಐದನೆಯ ಕಡೆ ಹಾರೆ ಠಣ್ ಎಂದಿತು. ಬಂಡೆ.

ಮೇಸ್ತ್ರಿ ಕೈ ಝಾಡಿಸಿ ನಿಂತ. ಎಲ್ಲರೂ ಗಂಟುವಿನ ಕಡೆ ನೋಡದಿರಲು ಯತ್ನಿಸಿದ್ದು ಅವಳಿಗೆ ಗೊತ್ತಾಯಿತು.

"ಈ ಮಗ್ಗ ಯಾರದು?" ಎಂದರು ಗಾಳಿಯಮ್ಮ.

"ಯಾರದೂ ಅಲ್ಲ, ಇರ್ಲಿ ಬಿಡಿ," ಎಂದಳು ಗಂಟು. ನಗಲು ಹೋಗಿ ಆಗಲಿಲ್ಲ.

"ಯಾರದೂ ಅಲ್ಲದ ಜಾಗ ನಾನು ನಕ್ಷೇಲಿ ಬರೆಯೋದಿಲ್ಲ."

ಮೂರು ದಿನ ಅವರು ಉರಿಬಿಸಿಲಲ್ಲಿ ಕಟ್ಟಡದ ಸುತ್ತ ನಡೆದರು. ಗೋಡೆ ಗೋಡೆಗೂ ಅಂಗೈ ಒತ್ತಿ ನಿಲ್ಲುವರು, ಜ್ವರ ನೋಡುವವರಂತೆ. ಮೂರನೆಯ ಮಧ್ಯಾಹ್ನ, ಎಂದೂ ಬಿಸಿಲು ಬೀಳದ ಹಿಂಬದಿಯಲ್ಲಿ, ನೀರಿನ ತೊಟ್ಟಿಗೆ ಕೈ ಇಟ್ಟವರು ಅಲ್ಲೇ ನಿಂತುಬಿಟ್ಟರು. ಕಲ್ಲಿನ ಹಳೆಯ ತೊಟ್ಟಿ. ಬೇಸಿಗೆಯಲ್ಲೂ ಅದರ ಹೊರಮೈ ತಣ್ಣಗೆ ಜಿನುಗುತ್ತಿತ್ತು. ಬುಡದಲ್ಲಿ ಪಾಚಿ ಹಸುರಾಗಿತ್ತು.

"ಬಾ ಇಲ್ಲಿ," ಎಂದು ಕರೆದು ಗಂಟುವಿನ ಕೈಯನ್ನು ಆ ಕಲ್ಲಿಗೆ ಒತ್ತಿದರು. "ಹೇಗಿದೆ?"

"ಅಜ್ಜಿ ಗುಂಡಿ ಥರ," ಎಂದಳು. ಹೇಳುವಾಗಲೇ ಅವಳಿಗೆ ಅರ್ಥವಾಯಿತು.

ತೊಟ್ಟಿಯನ್ನೇ ಒಂದು ಗೋಡೆ ಮಾಡಿಕೊಂಡು, ನೇಯ್ಗೆಮನೆಯ ಗೋಡೆಯಲ್ಲಿ ಬಾಗಿಲು ತೆಗೆದು, ಒಂದೇ ಮಗ್ಗದ ಪುಟ್ಟ ಕೋಣೆ ಎದ್ದಿತು. ಮೇಲೊಂದು ಬೆಳಕಿಂಡಿ, ಕೆಳಗೆ ಒಂದು ಗುಂಡಿ. ಮಾಡು ತೊಟ್ಟಿಯ ಕಡೆಗೆ ಬಾಗಿತ್ತು, ಮಳೆಯ ನೀರೂ ಅದಕ್ಕೇ ಸೇರಲೆಂದು. ಆಮೇಲೆ ಹಳೆಯ ಕೋಣೆ ಬಿಟ್ಟು ಬರಲು ಅಜ್ಜಿಯೂ ಒಪ್ಪಿದಳು. ಹೊಸ ಗುಂಡಿಗಳಲ್ಲಿ ಒಂದಕ್ಕೆ ಕಾಲಿಳಿಸಿ, "ಪರವಾಗಿಲ್ಲ, ಹುಡುಗಿ ಕಲ್ತ್ಕೊಂಡಳು," ಎಂದಳು. ಅರವತ್ತರ ಹತ್ತಿರದ ಗಾಳಿಯಮ್ಮ ಹುಡುಗಿಯಂತೆಯೇ ನಾಚಿದರು.

ಮುಂದಿನ ಒಣಗಾಳಿ ಬಂತು. ಹೊರಗೆ ಬಾಗಿಲುಗಳು ಬಡಿದುಕೊಳ್ಳುತ್ತಿದ್ದವು, ಬೀದಿಯ ಧೂಳು ಎದ್ದು ಕುಣಿಯುತ್ತಿತ್ತು. ಒಳಗೆ ಐದು ಲಾಳಿಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಗಂಟು ಲಾಳಿ ಎಸೆದಳು, ಹಿಡಿದಳು, ಎಸೆದಳು. ಒಂದಿಡೀ ಮುಂಜಾನೆ ಕಳೆದರೂ ಅವಳ ಹಾಸಿನಲ್ಲಿ ಒಂದೆಳೆಯೂ ತುಂಡಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಚೆಯಿಂದ ಚಿಕ್ಕಪ್ಪನ ದನಿ ಕೇಳಿತು. "ಗಂಟೂ! ಇಲ್ಲೊಂದು ಎಳೆ ಹೋಯ್ತು, ಬಾರೇ!"

ಕಾಲು ಅಭ್ಯಾಸಬಲದಿಂದ ಗುಂಡಿಯಿಂದ ಅರ್ಧ ಎದ್ದಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ನೀವೇ ಕಟ್ಕೊಳ್ಳಿ ಚಿಕ್ಕಪ್ಪ," ಎಂದು ಕೂಗಿದಳು. "ನಾನು ನೇಯ್ತಾ ಇದ್ದೀನಿ."